ಬ್ಯಾರನ್ ಒಲೆಯಲ್ಲಿ ಉರಿದ ಮೊದಲ ರೆಕಾರ್ಡು

ನಾನು ನಿಂತಿದ್ದದ್ದು ಹೊಗೆಸೊಪ್ಪಿನ ಬ್ಯಾರನ್ನಿನ ಒಲೆಯ ಬಾಯಿಂದ ಎರಡು ಮಾರು ದೂರದಲ್ಲಿ, ಎಡಗಡೆ, ಸೌದೆ ಒಟ್ಟಿದ್ದ ಜಾಗದಲ್ಲಿ. ಹುಣಸೂರಿನಿಂದ ಹನಗೋಡಿಗೆ ಹೋಗುವ ರಸ್ತೆಯಿಂದ ಒಳಕ್ಕೆ ಒಂದು ಫರ್ಲಾಂಗು. ೧೯೭೩ನೇ ಇಸವಿ, ಆಗಸ್ಟ್ ತಿಂಗಳು, ಗುರುವಾರ. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಹನಗೋಡಿನಿಂದ ವಾಪಸ್ಸು ಬರುವ ಬಸ್ಸು ತಿರುವಿನಲ್ಲಿ ಹಾರನ್ ಹೊಡೆದದ್ದನ್ನು ಕೇಳಿದ್ದೆ, ಅದರಿಂದ ಗಂಟೆ ಹೇಳಬಲ್ಲೆ. ಮಳೆ ಇರಲಿಲ್ಲ. ನನ್ನ ಕೈಯಲ್ಲಿ ಬೆಂಕಿ ಕೆದಕುವ ಕಬ್ಬಿಣದ ಸಲಾಕೆ ಇತ್ತು.

ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಹೋದ ವರ್ಷ ಪತ್ರಿಕೆಯೊಂದರಲ್ಲಿ ಒಬ್ಬ ಹಿರಿಯ ಗಿಟಾರ್ ವಾದಕನ ಸಂದರ್ಶನ ಬಂತು. ಅವನ ರಾಕ್ ತಂಡದ ಮೊದಲ ರೆಕಾರ್ಡು ಈಗ ಎಲ್ಲೂ ಸಿಗುವುದಿಲ್ಲವಂತೆ, ಹಳೆಯ ರೆಕಾರ್ಡು ಕೂಡಿಡುವವರು ಅದಕ್ಕಾಗಿ ಊರೂರು ಅಲೆಯುತ್ತಾರಂತೆ. ಯಾಕೆ ಸಿಗುವುದಿಲ್ಲ ಎಂದು ಕೇಳಿದ್ದಕ್ಕೆ, ರೆಕಾರ್ಡು ತುಂಬಿದ ಲಾರಿ ಹ್ಯಾಂಡ್‌ಪೋಸ್ಟ್ ಹತ್ತಿರ ನಾಲೆಗೆ ಮಗುಚಿತು ಎಂದಿದ್ದಾನೆ. ಅದರಲ್ಲಿ ಹಾಡಿದ ಹೆಂಗಸು ಯಾರು ಎಂದರೆ, ಮದರಾಸಿನ ಸ್ಟುಡಿಯೋದಲ್ಲಿ ಸಿಕ್ಕ ಯಾರೋ ಒಬ್ಬಳು, ಹೆಸರು ಮರೆತೆ ಎಂದಿದ್ದಾನೆ.

ಲಾರಿ ಮಗುಚಲಿಲ್ಲ. ಹಾಡಿದವಳು ಮದರಾಸು ಕಂಡವಳಲ್ಲ.

ಸತ್ಯ ಉಳಿಯಲಿ ಎಂಬಂಥ ದೊಡ್ಡ ಮಾತು ನನಗೆ ಬೇಡ. ಅವನಿಗೆ ನೋವಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಹೆಸರು ಬರೆಯುವುದಿಲ್ಲ. ತನ್ನ ಹೆಸರನ್ನು ಅಚ್ಚಿನಲ್ಲಿ ನೋಡುವುದೆಂದರೆ ಅವನಿಗೆ ಎಷ್ಟು ಇಷ್ಟ ಎಂದು ನನಗೆ ಗೊತ್ತು. ಆ ಸಂತೋಷವನ್ನು ನನ್ನ ಕೈಯಿಂದ ಅವನು ಪಡೆಯಬಾರದು.

ಅವನು ಆ ಬ್ಯಾರನ್ನಿನ ಸಾಹುಕಾರರ ಮಗ. ಬ್ಯಾರನ್ ಎಂದರೆ ನಮ್ಮ ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಮನೆ. ಎತ್ತರದ ನಾಲ್ಕು ಗೋಡೆ, ಒಂದು ಬಾಗಿಲು. ಒಲೆಯ ಬಾಯಿ ಹೊರಗಿರುತ್ತದೆ. ಅದರ ಬಿಸಿ ದಪ್ಪ ತಗಡಿನ ಕೊಳವೆಗಳಲ್ಲಿ ಒಳಗಿನ ನೆಲವನ್ನೆಲ್ಲ ಸುತ್ತಿ ಬರುತ್ತದೆ, ಹೊಗೆ ಮಾತ್ರ ಚಿಮಣಿಯಲ್ಲಿ ಆಚೆಗೆ ಹೋಗುತ್ತದೆ. ಮೇಲೆ ಸಾಲುಸಾಲಾಗಿ ಕಡ್ಡಿಗೆ ಪೋಣಿಸಿದ ಹಸಿ ಸೊಪ್ಪು ತೂಗುತ್ತಿರುತ್ತದೆ. ಮೊದಲ ಎರಡು ದಿನ ಕಾವು ಕಡಿಮೆ ಇರಬೇಕು. ಆಗ ಸೊಪ್ಪು ನಿಧಾನವಾಗಿ ಹಸಿರು ಬಿಟ್ಟು ಹಳದಿಗೆ ಬರುತ್ತದೆ. ಆ ಹೊತ್ತಿನಲ್ಲಿ ಕಾವು ಒಮ್ಮೆಲೇ ಏರಿದರೆ ಹಸಿರು ಹಾಗೆಯೇ ಕೂತುಬಿಡುತ್ತದೆ. ಆಮೇಲೆ ದೇವರು ಬಂದರೂ ಅದನ್ನು ಹಳದಿ ಮಾಡಲಾರ.

ಅಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸ ನನ್ನದು. ಆಗ ನನಗೆ ಇಪ್ಪತ್ತನಾಲ್ಕು.

ನಮ್ಮಲ್ಲಿ ಕಾವು ಕೂಗುವುದು ಎಂಬ ಒಂದು ಪದ್ಧತಿ ಇತ್ತು. ಬ್ಯಾರನ್ನಿನ ಬಾಗಿಲಿಗೆ ಅಂಗೈ ಅಗಲದ ಗಾಜು, ಅದರ ಹಿಂದೆ ಉಷ್ಣತೆ ತೋರಿಸುವ ಪಾದರಸದ ಕೊಳವೆ. ಆ ದಾರಿಯಲ್ಲಿ ಯಾರೇ ಹೋದರೂ ಗಾಜಿನಲ್ಲಿ ಒಮ್ಮೆ ಇಣುಕಬೇಕು. ಪಾದರಸ ಗುರುತಿನಿಂದ ಮೇಲೆ ಹೋಗಿದ್ದರೆ "ಕಾವೂ" ಎಂದು ಎದೆ ಬಿರಿಯುವ ಹಾಗೆ ಕೂಗಬೇಕು. ಕೂಲಿಯವಳು ಕೂಗಬಹುದು, ದನ ಕಾಯುವವನು ಕೂಗಬಹುದು, ಭಿಕ್ಷೆಗೆ ಬಂದವನೂ ಕೂಗಬಹುದು. ಆ ಕೂಗು ಬಿದ್ದರೆ ಸಾಹುಕಾರರು ಉಣ್ಣುವ ಎಲೆ ಬಿಟ್ಟು ಎಂಜಲ ಕೈಯಲ್ಲೇ ಎದ್ದು ಬರುತ್ತಿದ್ದರು. ತಪ್ಪಾಗಿ ಕೂಗಿದವರನ್ನೂ ಯಾರೂ ಬೈಯುತ್ತಿರಲಿಲ್ಲ. ವರ್ಷವಿಡೀ ಬಾಯಿ ತೆರೆಯದವರಿಗೂ ಅಲ್ಲಿ ಆ ಒಂದು ಕೂಗಿನ ಹಕ್ಕು ಇತ್ತು.

ಇನ್ನು ರೆಕಾರ್ಡಿನ ವಿಷಯ. ಅವನು ಮೈಸೂರಿನ ಕಾಲೇಜಿನಿಂದ ಉದ್ದ ಕೂದಲು, ಒಂದು ಗಿಟಾರು, ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಬಂದ. ಗೆಳೆಯರಲ್ಲಿ ಒಬ್ಬ ಪಿರಿಯಾಪಟ್ಟಣದವನು, ಇನ್ನೊಬ್ಬ ಕೆ.ಆರ್. ನಗರದವನು. ತಾಳಕ್ಕೆ ಜನ ಬೇಕಿತ್ತು. ನಾನು ಕೆಲಸವಿಲ್ಲದ ಹೊತ್ತಿನಲ್ಲಿ ಹಳೆಯ ಕೊಳವೆ ತಗಡನ್ನು ಸಲಾಕೆಯಿಂದ ಬಡಿಯುತ್ತಿದ್ದುದನ್ನು ಕೇಳಿ ನನ್ನನ್ನು ಸೇರಿಸಿಕೊಂಡ. ಹೀಗೆ ನಾಲ್ವರಾದೆವು.

೧೯೭೨ರ ಸೊಪ್ಪಿನ ಕಾಲದಲ್ಲಿ, ಒಂದು ಭಾನುವಾರ ಹಗಲು, ಸೊಪ್ಪು ಪೋಣಿಸುವ ಚಪ್ಪರದಲ್ಲಿ ರೆಕಾರ್ಡಿಂಗ್ ನಡೆಯಿತು. ಅವನು ಮೈಸೂರಿನಿಂದ ಬ್ಯಾಟರಿಯಲ್ಲಿ ಓಡುವ ದೊಡ್ಡ ಟೇಪ್ ರೆಕಾರ್ಡರ್ ತಂದಿದ್ದ. ವಿದ್ಯುತ್ ಗಿಟಾರುಗಳಿಗೆ ಬೇಕಾದ ಕರೆಂಟು ಬೆಳಿಗ್ಗೆಯೇ ಹೋಗಿ ಬರಲೇ ಇಲ್ಲ. ಆದ್ದರಿಂದ ಬರಿಯ ಮರದ ಗಿಟಾರು, ನನ್ನ ತಗಡು, ಒಂದು ಖಾಲಿ ಸೀಮೆಎಣ್ಣೆ ಡಬ್ಬ. ಅವನು ಇಂಗ್ಲಿಷಿನಲ್ಲಿ ಎರಡು ಹಾಡು ಹಾಡಿದ. ಚೆನ್ನಾಗಿರಲಿಲ್ಲ. ಅವನಿಗೂ ಅದು ಗೊತ್ತಾಯಿತು.

ಆಗ ಅತ್ತ ಪೋಣಿಸುತ್ತಿದ್ದ ಹೆಂಗಸರ ಸಾಲಿನಲ್ಲಿ ಅವಳು ಹಾಡಿಕೊಳ್ಳುತ್ತಿದ್ದಳು. ಹನಗೋಡಿನ ಆಚೆ ಕಾಡಂಚಿನ ಹಾಡಿಯಿಂದ, ಬುಡಕಟ್ಟಿನವರ ಕೇರಿಯಿಂದ, ಬರುತ್ತಿದ್ದವಳು. ಎಲೆಯ ತೊಟ್ಟಿಗೆ ದಾರ ಸುತ್ತಿ ಕಡ್ಡಿಗೆ ಬಿಗಿಯುವುದರಲ್ಲಿ ಅವಳ ಕೈಯಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ಉಳಿದವರ ಕೈ ನಿಧಾನವಾಗದಿರಲಿ ಎಂದು ಅವಳೇ ಕಟ್ಟಿ ಹಾಡುತ್ತಿದ್ದಳು, ಉಳಿದವರು ಎತ್ತಿಕೊಳ್ಳುತ್ತಿದ್ದರು. ಅಂದು ಹಾಡುತ್ತಿದ್ದದ್ದು ಸಾಹುಕಾರರ ಜೀಪಿನ ಮೇಲೆ:

ಸಾವ್ಕಾರ್ರ ಜೀಪು ಬಂತು ದಾರಿ ಬುಡ್ರವ್ವ,
ಕೆಸರಾಗೆ ಕೂತ್ಕತು, ಕೈಯ ಕೊಡ್ರವ್ವ.

ಅವನು ಗಿಟಾರು ಎತ್ತಿಕೊಂಡು ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ನನ್ನನ್ನು ಕರೆದ. ಸಂಜೆ ಬೆಳಕು ಇಳಿಯುವವರೆಗೆ ಆರು ಹಾಡು ಆಯಿತು. ಅವಳು ಕೈಕೆಲಸ ಬಿಡಲಿಲ್ಲ. ಅದರಿಂದಲೇ ಆ ರೆಕಾರ್ಡಿನಲ್ಲಿ ದಾರ ಎಳೆಯುವ ಸರ್ ಸರ್ ಸದ್ದು ಉದ್ದಕ್ಕೂ ಇದೆ. ಅವನ ಮುಂದಿನ ರೆಕಾರ್ಡುಗಳಲ್ಲಿ ಕಿವಿ ಕಿತ್ತುಹೋಗುವ ಗದ್ದಲ ಬಿಟ್ಟರೆ ಏನೂ ಇಲ್ಲ. ಇದೊಂದು ಬೇರೆಯೇ. ಇಂಥದ್ದು ಅವನಿಂದ ಹೇಗೆ ಬಂತು ಎಂದು ಪತ್ರಿಕೆಯವರು ಈಗಲೂ ಆಶ್ಚರ್ಯಪಡುತ್ತಾರೆ. ಅವನಿಂದ ಬರಲಿಲ್ಲ, ಅಷ್ಟೇ.

ಮುಗಿದ ಮೇಲೆ ಅವನು ಕೇಳಿದ, "ಏನ್ ಬೇಕಮ್ಮ ನಿಂಗೆ?"

"ಒಂದು ತಟ್ಟೆ ಕೊಡಿ ಬುದ್ದಿ. ನನ್ ದನಿ ಇರೋದು."

"ನಿಮ್ಮ ಹಾಡೀಲಿ ಅದನ್ನ ಹಾಕೋ ಮಿಷಿನ್ ಎಲ್ಲಿದೆ?"

"ಮಿಷಿನ್ ಇಲ್ದಿದ್ರೆ ಏನಂತೆ. ನನ್ ದನಿ ನನ್ ಮನೇಲಿರ್ಲಿ."

ಹೆಂಗಸರೆಲ್ಲ ನಕ್ಕರು. ಅವನೂ ನಕ್ಕು, ಎಲ್ಲರೆದುರಿಗೆ, "ಮೊದಲನೇದೇ ನಿಂಗೆ" ಎಂದ. ಈ ಮಾತನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ.

ಮರುವರ್ಷ ಜುಲೈ ಕೊನೆಯಲ್ಲಿ ರೆಕಾರ್ಡುಗಳು ಮೂರು ಪೆಟ್ಟಿಗೆಗಳಲ್ಲಿ ಬಂದವು. ಹೊದಿಕೆಯ ಮೇಲೆ ಬ್ಯಾರನ್ನಿನ ಚಿತ್ರ, ಕೆಳಗೆ ನಾಲ್ಕು ಹೆಸರು. ಅವನು ಒಂದನ್ನು ಚಪ್ಪರಕ್ಕೆ ತಂದು ಎಲ್ಲರಿಗೂ ತೋರಿಸಿದ. ಅವಳು ಓದಲು ಬಾರದವಳು. ಅವನು ಅತ್ತ ತಿರುಗಿದಾಗ ನನ್ನನ್ನು ಕೇಳಿದಳು, "ನನ್ನೆಸ್ರು ಎಲ್ಲೈತ್ಲಾ?"

ಇಲ್ಲಿ ನಾನು ಮಾಡಿದ್ದನ್ನೂ ಬರೆಯಬೇಕು. ಅವಳ ಹೆಸರು ಎಲ್ಲೂ ಇರಲಿಲ್ಲ. ನನ್ನ ಹೆಸರು ಇತ್ತು. ಹೊದಿಕೆಯ ಅಡಿಯಲ್ಲಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇಲ್ಲೈತೆ ಕಣಕ್ಕ" ಎಂದೆ. ಅವಳು ಅದನ್ನು ಹೆಬ್ಬೆರಳಲ್ಲಿ ಸವರಿದಳು. ಆ ಸಾಲಿನಲ್ಲಿದ್ದದ್ದು, ಎಲ್ಲ ಹಕ್ಕುಗಳನ್ನೂ ಕಾದಿರಿಸಿದೆ ಎಂಬ ಮಾತು.

"ಇದು ಮೈಸೂರಲ್ಲಿ ತೋರಿಸೋಕೆ ಬೇಕು. ನಿಂದು ಆಮೇಲೆ ಕೊಡ್ತೀನಿ" ಎಂದು ಹೇಳಿ ಅವನು ತೆಗೆದುಕೊಂಡು ಹೋದ. ಮೈಸೂರಿನಲ್ಲಿ ಗೆಳೆಯರಿಗೆ ಹತ್ತೋ ಹನ್ನೆರಡೋ ಹಂಚಿದ ಎಂದು ಆಮೇಲೆ ಕೇಳಿದೆ. ಲೆಕ್ಕ ನಾನು ಕಂಡಿಲ್ಲ. ಆದ್ದರಿಂದ ಖಚಿತವಾಗಿ ಹೇಳುವುದಿಲ್ಲ.

ಮೂರು ವಾರ ಕಳೆದ ಮೇಲೆ ಆ ಗುರುವಾರ ಬಂತು. ಬ್ಯಾರನ್ ತುಂಬಿ ಎರಡನೇ ದಿನ. ಸೊಪ್ಪು ಅರ್ಧ ಹಸಿರು, ಅರ್ಧ ಹಳದಿ. ಆ ವರ್ಷದಲ್ಲೇ ಅಷ್ಟು ಒಳ್ಳೆಯ ಸೊಪ್ಪು ಬಂದಿರಲಿಲ್ಲ. ಈ ಸೊಪ್ಪು ಮೊದಲ ದರ್ಜೆಗೆ ಹೋದರೆ ಹೊಸ ಗಿಟಾರು, ದೊಡ್ಡ ಆಂಪ್ಲಿಫೈಯರ್ ತೆಗೆಸಿಕೊಡುತ್ತೇನೆ ಎಂದು ಸಾಹುಕಾರರು ಮಗನಿಗೆ ಮಾತು ಕೊಟ್ಟಿದ್ದರು. ಇದು ಚಪ್ಪರದಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾಹುಕಾರರು ಅಂದು ಪಿರಿಯಾಪಟ್ಟಣದ ಕಡೆಯ ಹೊಲಕ್ಕೆ ಹೋಗಿದ್ದರು.

ಅವನು ಜೀಪಿನಲ್ಲಿ ಬಂದ. ಒಬ್ಬನೇ. ಮೂರೂ ಪೆಟ್ಟಿಗೆ ಹಿಂದೆ ಇದ್ದವು. ಇಳಿಸಲು ನನ್ನನ್ನು ಕರೆದ. ಇಳಿಸಿದೆ. ಪೆಟ್ಟಿಗೆಯನ್ನು ಒಲೆಯ ಮುಂದೆ ಇಡು ಎಂದಾಗ ನನಗೆ ಅರ್ಥವಾಗಲಿಲ್ಲ.

"ಬಾಗಿಲು ತೆಗಿ."

"ಯಾಕ್ರಣ್ಣ?"

"ಊಟಿ ಕ್ಲಬ್ಬಿನವನು ಮೈಸೂರಿಗೆ ಬಂದಿದ್ದ ಕಣೋ, ಅವರ ಕ್ಲಬ್ಬಲ್ಲಿ ನುಡಿಸೋ ತಂಡ ಆರಿಸೋಕೆ. ಎರಡು ನಿಮಿಷ ಕೇಳಿ ಮುಳ್ಳು ಎತ್ತಿಬಿಟ್ಟ. 'ರೇಡಿಯೋದಲ್ಲಿ ರೈತರ ಕಾರ್ಯಕ್ರಮವೇನ್ರೀ ಇದು?' ಅಂದು ನಕ್ಕ. ಎಲ್ಲರೂ ನಕ್ಕರು. ಇದು ಒಂದೂ ಉಳೀಬಾರದು. ತೆಗಿ ಬಾಗಿಲು."

"ಆಯಮ್ಮುಂಗೆ ಒಂದು..."

"ಆಯಮ್ಮ ಅದನ್ನ ರೊಟ್ಟಿ ಸುಡೋಕೆ ಇಟ್ಕೋತಾಳೆ. ಬುಡೋ."

ಒಲೆಯ ಬಾಗಿಲು ತೆಗೆದವನು ನಾನು. ಅದನ್ನು ಇನ್ನೊಬ್ಬರ ಮೇಲೆ ಹಾಕುವುದಿಲ್ಲ.

ಅವನು ಮೊದಲು ಒಂದೊಂದಾಗಿ ಎಸೆದ. ಹೊದಿಕೆಯ ರಟ್ಟು ತಕ್ಷಣ ಹೊತ್ತಿಕೊಂಡಿತು. ಒಳಗಿನ ಕಪ್ಪು ತಟ್ಟೆ ಹೊತ್ತಲಿಲ್ಲ. ಅಂಚು ಬಾಗಿ, ಬಿಸಿ ರೊಟ್ಟಿಯ ಹಾಗೆ ಜೋತುಬಿದ್ದು, ಆಮೇಲೆ ತೊಟ್ಟಿಕ್ಕಲು ಶುರುವಾಯಿತು. ತೊಟ್ಟಿಕ್ಕಿದ್ದು ಕೆಂಡಕ್ಕೆ ಬಿದ್ದ ಮೇಲೆ ಉರಿಯಿತು. ಉರಿಯ ಬಣ್ಣ ಕೊಳಕು ಹಳದಿ, ಹೊಗೆ ಟಾರಿನಷ್ಟು ಕಪ್ಪು. ಅವನಿಗೆ ಒಂದೊಂದಾಗಿ ಹಾಕುವುದು ಬೇಸರವಾಗಿರಬೇಕು. ಹತ್ತು ಹತ್ತು ಸೇರಿಸಿ ತಳ್ಳಿದ. ಒಲೆ ಗೂಳಿಯ ಹಾಗೆ ಗುಟುರು ಹಾಕತೊಡಗಿತು.

ಅವನು ಬೆಳೆದದ್ದು ಆ ಬ್ಯಾರನ್ನಿನ ದುಡ್ಡಿನಲ್ಲಿ, ಓದಿದ್ದು ಅದರ ದುಡ್ಡಿನಲ್ಲಿ. ಆದರೆ ಒಂದು ದಿನವೂ ಬೆಂಕಿಯ ಮುಂದೆ ಕೂತವನಲ್ಲ. ಉರಿಯುತ್ತಿರುವ ಒಲೆ ಎಂದರೆ ಉರಿಯುತ್ತಿರುವ ಒಲೆ ಎಂದು ತಿಳಿದಿದ್ದ. ಒಳಗೆ ಸೊಪ್ಪು ಯಾವ ಹದದಲ್ಲಿದೆ ಎಂದು ಕೇಳಲಿಲ್ಲ. ಒಳಗಿನ ಎರಡನೇ ಕೊಳವೆಯ ಜೋಡಣೆ ಬಿರುಕು ಬಿಟ್ಟಿತ್ತು. ಬ್ಯಾರನ್ ತುಂಬುವ ದಿನ ನಾನೇ ಅದಕ್ಕೆ ಮಣ್ಣು ಮೆತ್ತಿದ್ದೆ. ಸಾಮಾನ್ಯ ಸೌದೆಯ ಕಾವಿಗೆ ಅದು ತಡೆಯುತ್ತಿತ್ತು, ಈ ಕಾವಿಗೆ ತಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಹೇಳಬಹುದಿತ್ತು. ಬಾಯಿವರೆಗೂ ಬಂತು. ಹೇಳಲಿಲ್ಲ.

ಚಪ್ಪರದಲ್ಲಿ ಹೆಂಗಸರ ಕೈ ನಿಂತದ್ದು ಆಗ. ಅಲ್ಲಿಂದ ಒಲೆಗೆ ಮೂವತ್ತು ಹೆಜ್ಜೆ. ಹಲವು ಸಲ ಅಳೆದಿದ್ದೇನೆ. ಅವಳು ಎದ್ದು ಬಂದಳು. ಮಡಿಲಲ್ಲಿದ್ದ ಎಲೆಗಳು ಕೆಳಗೆ ಉದುರಿದವು. ಪೆಟ್ಟಿಗೆಯಲ್ಲಿ ಉಳಿದಿದ್ದ ಹೊದಿಕೆಯನ್ನು ನೋಡಿದಳು, ಒಲೆಯನ್ನು ನೋಡಿದಳು.

"ಅದು ನಂದಾ ಬುದ್ದಿ?"

"ನಿಂದಲ್ಲ. ಹೋಗು, ಸೊಪ್ಪು ಪೋಣಿಸು."

"ಒಂದು ಮಡಗಿ. ಒಂದೇ ಒಂದು."

ಅವನು ಕೊನೆಯ ಪೆಟ್ಟಿಗೆಯಲ್ಲಿದ್ದವನ್ನು ತಬ್ಬಿ ಎತ್ತಿ, ಬೆಂಕಿಯ ಝಳಕ್ಕೆ ಮುಖ ತಿರುಗಿಸಿಕೊಂಡು ಒಳಗೆ ತುರುಕಿದ. ಅದಕ್ಕೆ ಮೊದಲು ತನ್ನ ಗುರುತಿಗೆಂದು ಒಂದನ್ನು ಮಾತ್ರ ತೆಗೆದು ಜೀಪಿನ ಸೀಟಿನ ಮೇಲೆ ಇಟ್ಟುಕೊಂಡಿದ್ದ. ಅದನ್ನು ಅವಳೂ ನೋಡಿದಳು.

ಅವಳು ಕೂಗಾಡಲಿಲ್ಲ. ತಿರುಗಿ ಹೊರಟಳು. ಹೋಗುವ ದಾರಿಯಲ್ಲಿ ಬ್ಯಾರನ್ನಿನ ಬಾಗಿಲು. ಅಭ್ಯಾಸದಂತೆ ಗಾಜಿನಲ್ಲಿ ಇಣುಕಿದಳು. ನಿಂತಳು. ಎಷ್ಟು ಹೊತ್ತು ಎಂದರೆ, ನಾನು ಮೂರು ಸಲ ಉಸಿರಾಡುವಷ್ಟು. ಆಮೇಲೆ ನನ್ನ ಕಡೆ ನೋಡಿದಳು. ನಾನು ನೋಡಿದ ಮೇಲೂ ಅವಳು ಕೂಗಲಿಲ್ಲ. ಹೋಗಿ ಚಪ್ಪರದಲ್ಲಿ ಕೂತು ದಾರ ಕೈಗೆತ್ತಿಕೊಂಡಳು.

ಅವಳ ಪಕ್ಕದಲ್ಲಿ ಕೂರುತ್ತಿದ್ದ ಹಂಪಾಪುರದ ಹೆಂಗಸು ನೀರು ಕುಡಿಯುವ ನೆಪದಲ್ಲಿ ಎದ್ದಳು. ಇಣುಕಿದಳು. ನೀರು ಕುಡಿದು ಬಂದು ಕೂತಳು. ಇನ್ನೊಬ್ಬಳು ಹೋದಳು. ಹೀಗೆ, ಹಾಡಿದವಳೂ ಸೇರಿ, ಏಳು ಜನ. ಒಬ್ಬರಾದ ಮೇಲೆ ಒಬ್ಬರು ಗಾಜಿನ ಹತ್ತಿರ ಹೋದರು, ಬಂದರು. ಒಬ್ಬರೂ ಕೂಗಲಿಲ್ಲ. ನಾನು ಕೊನೆಗೆ ಹೋದೆ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತೆಂಟರಲ್ಲಿ ಇರಬೇಕಾಗಿದ್ದ ಪಾದರಸ ನೂರ ನಲವತ್ತರ ಹತ್ತಿರ ಇತ್ತು. ಗಾಜಿನ ಒಳಮೈಗೆ ಕಪ್ಪು ಹಿಡಿಯತೊಡಗಿತ್ತು.

ಅವನು ಜೀಪಿಗೆ ಒರಗಿ ಸಿಗರೇಟು ಸೇದುತ್ತಿದ್ದ. ತನ್ನ ಆಂಪ್ಲಿಫೈಯರ್ ಬೇಯುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ. ಆ ಕ್ಷಣ ನನಗಾದ ಸುಖವನ್ನು ಬಚ್ಚಿಡುವುದಿಲ್ಲ. ಮದುವೆಯಾದಾಗ, ಮಕ್ಕಳಾದಾಗ ಆದದ್ದು ಬೇರೆ. ಇಂಥ ಸುಖ ಇನ್ನೊಮ್ಮೆ ಆಗಿಲ್ಲ. ಸಲಾಕೆಯನ್ನು ಕೆಳಗಿಟ್ಟೆ.

ಶುಕ್ರವಾರ ಬೆಳಿಗ್ಗೆ ಸಾಹುಕಾರರು ಬಂದರು. ಬಾಗಿಲು ತೆರೆಯುವ ಮೊದಲೇ ವಾಸನೆ ಹೊಡೆಯಿತು. ಒಳಗೆ ಸೊಪ್ಪು ಸಗಣಿ ಹಸಿರು, ಮೇಲೆ ಮಸಿ. ಒಂದು ಎಲೆಯನ್ನು ಹರಿದು ಮೂಸಿ ನೋಡಿ ನನ್ನ ಕಡೆ ತಿರುಗಿದರು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮಗನನ್ನು ಕರೆಸಿದರು. ಅವನು ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ.

ಸಾಹುಕಾರರು ಚಪ್ಪರಕ್ಕೆ ಬಂದರು. ಅವರಿಗೆ ಹೆಚ್ಚು ನೋವಾಗಿದ್ದು ಸೊಪ್ಪಿನಿಂದಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಏಳು ಜನ ಇದ್ರಿ. ಒಬ್ರಿಗೂ ಕಾಣ್ನಿಲ್ವಾ? ಯಾಕ್ರವ್ವ ಕೂಗ್ನಿಲ್ಲ?"

ಎಲ್ಲರೂ ತಲೆ ತಗ್ಗಿಸಿದ್ದರು. ಅವಳು ತಗ್ಗಿಸಲಿಲ್ಲ.

"ಕೂಗೋ ದನಿಯ ನಿಮ್ ಮಗಾವ್ರು ಒಲೆಗಾಕುದ್ರಲ್ಲ ಬುದ್ದಿ."

ಸಾಹುಕಾರರು ಅತ್ತ ತಿರುಗಿ ಮಗನಿಗೆ ಹೇಳಿದರು: ಒಳಗಿನ ಒಂದೊಂದು ಕಡ್ಡಿಯನ್ನೂ ನೀನೇ ಇಳಿಸು, ಗೊಬ್ಬರದ ಗುಂಡಿಗೆ ನೀನೇ ಹೊರು, ಇನ್ನೊಬ್ಬರ ಕೈ ತಾಗಬಾರದು. ಎರಡು ದಿನ ಹೊತ್ತ. ಅಗಲ ಬಾಯಿಯ ಪ್ಯಾಂಟು ಮಸಿಯಲ್ಲಿ ಅದ್ದಿಹೋಗಿ, ಬೆರಳುಗಳೆಲ್ಲ ಸೀಳಿ, ಕೂದಲಿಗೆಲ್ಲ ಹೊಗೆಸೊಪ್ಪಿನ ಅಂಟು ಹಿಡಿದು. ಹೆಂಗಸರಿಗೆ ಪೋಣಿಸಲು ಸೊಪ್ಪಿರಲಿಲ್ಲ. ಆದರೂ ಎರಡು ದಿನವೂ ಬಂದು ಚಪ್ಪರದಲ್ಲಿ ಸಾಲಾಗಿ ಕೂತರು. ಜೀಪಿನ ಹಾಡಿನ ಮಟ್ಟಿನಲ್ಲೇ ಅವನ ಮೇಲೆ ಹೊಸದೊಂದು ಕಟ್ಟಿ ಹಾಡಿದರು. ಹಂಪಾಪುರದವಳು ನಡುವೆ, "ಚಿಕ್ ಬುದ್ಯೋರೆ, ಬಾರ ಆದ್ರೆ ಗಿಟಾರ್ ಕಟ್ಕಳಿ ಸೊಂಟುಕ್ಕೆ" ಎಂದಳು. ಅವನು ತಲೆ ಎತ್ತಲಿಲ್ಲ.

ಎರಡನೇ ದಿನ ನಾನು ಅವಳ ಹತ್ತಿರ ಹೋಗಿ ಹೊದಿಕೆಯ ಮೇಲಿನ ಹೆಸರಿನ ಸುಳ್ಳನ್ನು ಹೇಳಿಕೊಂಡೆ.

"ಗೊತ್ತಿತ್ತು ಬುಡ್ಲಾ" ಎಂದಳು. "ನೀ ತೋರ್ಸಿದ್ ಸಾಲು ಉದ್ದುಕ್ಕಿತ್ತು. ನನ್ನೆಸ್ರು ಗಿಡ್ಡ."

ಆ ಸೊಪ್ಪಿನ ಕಾಲ ಮುಗಿದ ಮೇಲೆ ನಾನು ಅಲ್ಲಿ ನಿಲ್ಲಲಿಲ್ಲ. ಅವನು ಊಟಿಗೆ ಹೋಗಲಿಲ್ಲ. ನಾಲ್ಕು ವರ್ಷ ಬಿಟ್ಟು ಬೇರೆ ಜನರನ್ನು ಕಟ್ಟಿಕೊಂಡು, ಬೇರೆ ದುಡ್ಡಿನಲ್ಲಿ, ಗದ್ದಲದ ರೆಕಾರ್ಡುಗಳನ್ನು ಮಾಡಿ ಹೆಸರು ಪಡೆದ. ಬಹಳ ವರ್ಷ ಅವುಗಳಲ್ಲಿ ಮೊದಲು ಬಂದದ್ದನ್ನೇ ತನ್ನ ಮೊದಲ ರೆಕಾರ್ಡು ಎಂದು ಹೇಳಿಕೊಂಡು ತಿರುಗಿದ. ಯಾವಾಗ ಜನ ನಿಜವಾದ ಮೊದಲನೆಯದನ್ನು ಹುಡುಕಿ ಹೊಗಳತೊಡಗಿದರೋ, ಆಗ ಅದೂ ತನ್ನದೇ ಎಂದ. ನಾಲೆ, ಲಾರಿ, ಮದರಾಸು ಎಲ್ಲ ಹುಟ್ಟಿದ್ದು ಆಗ.

ಮೈಸೂರಿನಲ್ಲಿ ಹಂಚಿದ್ದರಲ್ಲಿ ಒಂದು ಯಾರದೋ ಕೈಯಲ್ಲಿ ಉಳಿದಿದೆ. ಅವರು ಅದನ್ನು ಎಲ್ಲರೂ ಕೇಳುವಂತೆ ಮಾಡಿದ್ದಾರೆ. ನನ್ನ ಮೊಮ್ಮಗಳು ಫೋನಿನಲ್ಲಿ ಹುಡುಕಿಕೊಟ್ಟಳು. ಫೋನು ತೆಗೆದುಕೊಂಡು ನಾನು ಕಾಡಂಚಿನ ಅವಳ ಹಾಡಿಗೆ ಹೋದೆ. ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಆರು ಹಾಡನ್ನೂ ಕೇಳಿದಳು. ನಡುವೆ ಯಾರೋ ಕೆಮ್ಮುವುದು ಬಂದಾಗ, "ಅಂಪಾಪುರದೋಳು" ಎಂದಳು. ಅಷ್ಟೇ.

ಸಂದರ್ಶನವನ್ನು ಓದಿ ಹೇಳಿದೆ. ಅದರ ಜೊತೆಗಿದ್ದ ಚಿತ್ರವನ್ನು ತೋರಿಸಿದೆ. ಅವನು ಕುರ್ಚಿಯಲ್ಲಿ ಕೂತು ರೆಕಾರ್ಡನ್ನು ಎದೆಗೆ ಹಿಡಿದುಕೊಂಡಿದ್ದಾನೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಜೀಪ್ನಾಗೆ ಮಡಿಕ್ಕಂಡ್ನಲ್ಲ, ಅದೇಯಾ?"

"ಅದೇ ಕಣಕ್ಕ."

"ನನ್ನೆಸ್ರು ಗಿಸ್ರು ಬ್ಯಾಡ. ಅದ ತಂದು ನನ್ ಕೈಗೆ ಕೊಡ್ಲಿ. ಅವ್ನೇ ತರ್ಬೇಕು. ಅಂಗೇ ಬರಿ."

"ತರದಿದ್ರೆ?"

"ಅವತ್ತು ಕಂಡೋರು ಯಾರ್ಯಾರ್ ಬದ್ಕವ್ರೆ ಅಂತ ಬರಿ. ಓದ್ಕಂಡು ಅವ್ನು ನಿದ್ದೆ ಕೆಟ್ಟು ಸಾಯ್ಲಿ."

ಬರೆಯುತ್ತೇನೆ. ಚಪ್ಪರದಲ್ಲಿದ್ದ ಏಳು ಹೆಂಗಸರಲ್ಲಿ ನಾಲ್ವರು ತೀರಿಕೊಂಡಿದ್ದಾರೆ. ಸಾಹುಕಾರರಿಲ್ಲ. ಪಿರಿಯಾಪಟ್ಟಣದ ಗೆಳೆಯ, ಕೆ.ಆರ್. ನಗರದ ಗೆಳೆಯ ಅಂದು ಅಲ್ಲಿರಲಿಲ್ಲ, ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಡಿದವಳು ಇದ್ದಾಳೆ, ಕಾಡಂಚಿನ ಅದೇ ಹಾಡಿಯಲ್ಲಿ. ಅವಳ ಪಕ್ಕದಲ್ಲಿ ಕೂತು ಕೆಮ್ಮಿದವಳು ಹಂಪಾಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಿವಿ ಮಂದ, ನೆನಪು ಮಂದವಲ್ಲ. ಏಳು ಜನರಲ್ಲಿ ಕೊನೆಗೆ ಗಾಜಿನ ಹತ್ತಿರ ಹೋದವಳು ಹುಣಸೂರಿನಲ್ಲೇ ಇದ್ದಾಳೆ, ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದಳು, ಕೇಳಿದರೆ ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ ಎಂದಳು. ಬಾಗಿಲು ತೆಗೆದ ನಾನು ಇದ್ದೇನೆ.